ಬೆಲ್ಲ ಎಂಬ ಪಿಟ್‌ಬುಲ್

ಯಾದವಗಿರಿಯ ಒಂದು ರಸ್ತೆಯಲ್ಲಿ ಸಾಲಾಗಿ ಆಕಾಶಮಲ್ಲಿಗೆ ಮರಗಳಿವೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಿಗ್ಗೆ ಅಲ್ಲಿ ಸ್ಕೂಟರ್ ಓಡಿಸಿದರೆ ಚಕ್ರದಡಿಗೆ ಹೂವು ನಲುಗಿ ತಣ್ಣನೆಯ ಪರಿಮಳ ಏಳುತ್ತದೆ. ನಾನು ಆ ದಾರಿ ಬಿಟ್ಟು ಬಹಳ ಕಾಲವಾಯಿತು. ಹೋದ ವಾರ ಸ್ಟೇಷನ್ನಿನಿಂದ ಬರುವಾಗ ಆಟೋದವನು ಯಾವುದೋ ಟ್ರಾಫಿಕ್ ತಪ್ಪಿಸಲು ಗಾಡಿಯನ್ನು ಅತ್ತಲೇ ತಿರುಗಿಸಿದ. ಬೇಡ ಅನ್ನುವಷ್ಟರಲ್ಲಿ ಆ ವಾಸನೆ ಬಂದಾಗಿತ್ತು. ನನ್ನ ಬಲಗೈಯ ಕಿರುಬೆರಳಿಗೂ ಉಂಗುರದ ಬೆರಳಿಗೂ ಈಗ ಸ್ಪರ್ಶವಿಲ್ಲ. ಮಡಿಲಲ್ಲಿ ಆ ಕೈ ಇಟ್ಟುಕೊಂಡು, ಒಂದು ಹಳೆಯ ಗೇಟು ಎಡಕ್ಕೆ ಹಾದುಹೋಗುವವರೆಗೂ ಬಲಕ್ಕೇ ನೋಡುತ್ತ ಕುಳಿತಿದ್ದೆ.

ಆ ಗೇಟಿಗೆ ಹೋಗಿಬರುತ್ತಿದ್ದ ವರ್ಷ ನಾನು ಒಂದು ಖಾಸಗಿ ಲ್ಯಾಬಿನಲ್ಲಿ ಮನೆಮನೆಗೆ ಹೋಗಿ ರಕ್ತ ತೆಗೆಯುವ ಕೆಲಸದಲ್ಲಿದ್ದೆ. ಸಿದ್ಧಾರ್ಥನಗರದ ಬಾಡಿಗೆ ಮನೆಯಲ್ಲಿ ನಾನು ಮತ್ತು ನಮ್ಮವ್ವ. ಬೆಳಕು ಹರಿಯುವ ಮೊದಲೇ ಸ್ಕೂಟರ್ ತೆಗೆದರೆ, ಖಾಲಿ ಹೊಟ್ಟೆಯಲ್ಲಿ ಕಾದು ಕುಳಿತ ಸಕ್ಕರೆ ಕಾಯಿಲೆಯವರನ್ನೆಲ್ಲ ಮುಗಿಸಿ ತಿಂಡಿಯ ಹೊತ್ತಿಗೆ ಲ್ಯಾಬಿಗೆ ಮರಳುತ್ತಿದ್ದೆ. ನನ್ನ ಕೈ ಚೆನ್ನಾಗಿದೆ ಎಂದು ಹೆಸರಿತ್ತು. ನರ ಸಿಗದವರ ಮನೆಗೆಲ್ಲ ನನ್ನನ್ನೇ ಕಳಿಸುತ್ತಿದ್ದರು. ಜೂನ್ ತಿಂಗಳಲ್ಲಿ ಯಾದವಗಿರಿಯ ಆ ವಿಳಾಸವೂ ಹಾಗೆಯೇ ನನ್ನ ಪಾಲಿಗೆ ಬಂತು.

ರೋಗಿಯ ಹೆಸರು ವಸುಧಾ. ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. ನಲವತ್ತೈದರ ಆಸುಪಾಸು. ಸ್ತನದ ಕ್ಯಾನ್ಸರ್ ಆಗಲೇ ಎಲುಬಿಗೆ ಇಳಿದಿತ್ತು. ಕೀಮೋ ಕೊಡುವ ಮುಂಚೆ ಪ್ರತಿ ವಾರ ರಕ್ತ ಪರೀಕ್ಷೆ ಮಾಡಬೇಕಿತ್ತು. ಗೇಟಿನ ಬಳಿ ಹೋಗಿ ನಿಂತಾಗ ಮೊದಲು ಕಂಡದ್ದು ಅವರಲ್ಲ, ಆ ನಾಯಿ. ಬೆಲ್ಲದ ಬಣ್ಣ. ಮೈಯೆಲ್ಲ ಹುರಿ ಹೊಸೆದಂಥ ಸ್ನಾಯು, ಅಗಲವಾದ ತಲೆ, ಒಂದು ಕಿವಿ ಬುಡದವರೆಗೂ ಕತ್ತರಿಸಿ ಹೋಗಿ ಗಂಟಾಗಿತ್ತು. ಬೊಗಳಲಿಲ್ಲ. ಸುಮ್ಮನೆ ನನ್ನನ್ನೇ ನೋಡುತ್ತ ನಿಂತಿತು. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ವಸುಧಾ ಅವರ ಗಂಡ ಪ್ರಕಾಶ್ ಬಾಗಿಲಿಗೆ ಬಂದು, "ಬನ್ನಿ ಬನ್ನಿ, ಅವನೇನೂ ಮಾಡಲ್ಲ" ಎಂದರು.

"ನಾಯಿ ಸಾಕಿದೋರೆಲ್ಲ ಇದೇ ಮಾತು ಹೇಳೋದು ಸರ್" ಎಂದೆ.

ಒಳಗಿನಿಂದ ಒಂದು ನಗು ಕೇಳಿಸಿತು. "ಸರಿಯಾಗಿ ಹೇಳಿದ್ರಿ! ರೀ, ಅವನನ್ನ ಹಿಡ್ಕೊಳ್ರೀ, ಪಾಪ ಅವರು ಒಳಗೆ ಬರಲಿ." ಕೂದಲು ಉದುರಿದ ತಲೆಗೆ ಹತ್ತಿಯ ಬಟ್ಟೆ ಸುತ್ತಿಕೊಂಡು ದಿಂಬಿಗೆ ಒರಗಿದ್ದ ಆ ಹೆಂಗಸಿನ ನಗು ಅದು. ಅಷ್ಟು ಬಳಲಿದ ದೇಹದಿಂದ ಅಂಥ ನಗು ಬರಬಹುದು ಎಂದು ನಾನು ಅಂದುಕೊಂಡಿರಲಿಲ್ಲ.

ನಾಯಿಯ ಹೆಸರು ಬೆಲ್ಲ. ವಸುಧಾ ಅವರ ವಿದ್ಯಾರ್ಥಿಯೊಬ್ಬ ಯಾರಿಂದಲೋ ಮರಿ ತಂದು, ಭಯಂಕರವಾಗಿ ಕಾಣಲಿ ಎಂದು ಬ್ಲೇಡಿನಲ್ಲಿ ತಾನೇ ಕಿವಿ ಕತ್ತರಿಸಲು ಹೋಗಿದ್ದನಂತೆ. ಒಂದು ಕಿವಿ ಮುಗಿಯುವಷ್ಟರಲ್ಲಿ ಮರಿಯ ಕಿರುಚಾಟಕ್ಕೆ ಹೆದರಿ ಕೈಬಿಟ್ಟ. ಗಾಯ ಕೀವಾಗಿ ಮರಿ ಸಾಯುವ ಹಾಗಾದಾಗ ಕಾಲೇಜಿಗೆ ಹೊತ್ತುಕೊಂಡು ಬಂದು ಅತ್ತನಂತೆ. ಇವರು ಅದನ್ನು ಮನೆಗೆ ತಂದು ಉಳಿಸಿಕೊಂಡಿದ್ದರು.

"ಹುಡುಗ್ರು ಬೈಕ್ ತಗೊಂಡ ತಕ್ಷಣ ಸೈಲೆನ್ಸರ್ ಕಿತ್ತಾಕ್ತಾರೆ ನೋಡಿ, ಹಂಗೇ ಇದೂನೂ" ಎಂದರು ವಸುಧಾ. "ಜನ ಹೆದರ್ಕೋಬೇಕು. ಅಷ್ಟೇ ಅವರಿಗೆ ಬೇಕಾಗಿದ್ದು."

ಮೊದಲ ದಿನ ನಾನು ಅವರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ಸೂಜಿ ತೆಗೆದ ಕೂಡಲೇ ಬೆಲ್ಲ ಸಣ್ಣಗೆ ಕುಂಯ್‌ಗುಟ್ಟತೊಡಗಿತು. ಮಂಚದ ಹತ್ತಿರ ಬಂದು ಅವರ ಪಾದದ ಮೇಲೆ ಗಲ್ಲ ಊರಿ, ನನ್ನ ಕೈಯಿಂದ ಕಣ್ಣು ಕೀಳದೆ ಕುಳಿತಿತು. ನನ್ನ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ರಕ್ತ ತೆಗೆದು ಹತ್ತಿ ಒತ್ತಿದ ಮೇಲೆ ಅದು ಮೆಲ್ಲಗೆ ಎದ್ದು, ಆ ಹತ್ತಿಯನ್ನು ಮೂಸಿ, ಆಮೇಲೆ ನನ್ನ ಬೆರಳನ್ನು ಮೂಸಿ, ಒಂದು ಸಲ ನೆಕ್ಕಿ ದೂರ ಹೋಯಿತು. ಅಲ್ಲಿಂದಾಚೆ ಪ್ರತಿ ವಾರವೂ ಇದೇ ಕ್ರಮ. ಆಗಸ್ಟ್ ಹೊತ್ತಿಗೆ ನಾನು ಗೇಟಿನಲ್ಲಿ ಸ್ಕೂಟರ್ ನಿಲ್ಲಿಸುವ ಮುಂಚೆಯೇ ಅದರ ಬಾಲ ಕಬ್ಬಿಣದ ಗೇಟಿಗೆ ಬಡಿಯುವುದು ಕೇಳಿಸುತ್ತಿತ್ತು. 'ಅದು' ಎನ್ನುವುದು ಯಾವಾಗ 'ಅವನು' ಆಯಿತೋ ನನಗೆ ತಿಳಿಯಲಿಲ್ಲ.

ಅವ್ವನಿಗೆ ಹೇಳಿದರೆ, "ಆ ನಾಯಿ ಫೋಟೋ ನಾನೂ ಮೊಬೈಲ್ನಲ್ಲಿ ನೋಡಿವ್ನಿ ಕಣವ್ವ, ರಾಕ್ಷಸ ಇದ್ದಂಗದೆ. ಬ್ಯಾರೆ ಯಾರ್ನಾರ ಕಳ್ಸಿ ಅನ್ನು" ಎಂದು ಬೈಯುತ್ತಿದ್ದಳು. ಆ ಬೀದಿಯವರದೂ ಅದೇ ಮಾತು. ಹಾಲಿನವನು ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಓಡುತ್ತಿದ್ದ. ಬೆಳಗಿನ ವಾಕಿಂಗಿನವರು ಆ ಮನೆ ಬಂದಾಗ ರಸ್ತೆ ದಾಟುತ್ತಿದ್ದರು. ಇಂಥ ತಳಿಗಳನ್ನೇ ದೇಶದಲ್ಲಿ ನಿಷೇಧಿಸಬೇಕು ಎಂದು ಟೀವಿಯಲ್ಲಿ ಚರ್ಚೆ ನಡೆಯುತ್ತಿದ್ದ ಕಾಲ. ಪಕ್ಕದ ಮನೆಯವರು ಪ್ರಕಾಶ್ ಅವರ ಮುಖ ನೋಡುವುದನ್ನೇ ಬಿಟ್ಟಿದ್ದರು.

ಅವರ ಹೆದರಿಕೆಯೆಲ್ಲ ಸುಳ್ಳು ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತೆ. ಒಂದು ಬೆಳಿಗ್ಗೆ ನಾನು ಗೇಟಿನ ಬಳಿ ಇದ್ದಾಗ ಪ್ರಕಾಶ್ ಅವನನ್ನು ತಿರುಗಾಡಿಸಿಕೊಂಡು ಬರುತ್ತಿದ್ದರು. ಮೋರಿಯ ಕಡೆಯಿಂದ ಒಂದು ಬೀದಿ ನಾಯಿ ಗುರ್ ಎನ್ನುತ್ತ ಎದುರಾಯಿತು. ಬೆಲ್ಲ ಬೊಗಳಲಿಲ್ಲ, ಗುರುಗುಟ್ಟಲೂ ಇಲ್ಲ. ಬೆನ್ನ ಕೂದಲು ನಿಂತದ್ದಷ್ಟೇ ಕಂಡಿತು. ಮರುಕ್ಷಣ ಪ್ರಕಾಶ್ ಅವರಂಥ ಎತ್ತರದ ಮನುಷ್ಯ ಮುಗ್ಗರಿಸಿ, ಹಗ್ಗವನ್ನು ಲೈಟ್ ಕಂಬಕ್ಕೆ ಸುತ್ತಿ ಹಿಡಿಯಬೇಕಾಯಿತು. ಆ ನಾಯಿ ತಪ್ಪಿಸಿಕೊಂಡು ಓಡಿಹೋಯಿತು. ಬೆಲ್ಲನ ಕಣ್ಣಲ್ಲಿ ಆಗ ನಮ್ಮ ಯಾರ ಗುರುತೂ ಇರಲಿಲ್ಲ.

ಒಳಗೆ ಹೋಗಿ ವಸುಧಾ ಅವರಿಗೆ ಹೇಳಿದೆ. ಅವರು ಅವನ ಪರ ವಹಿಸಲಿಲ್ಲ. "ಅದೂ ಅವನೇ ಮಂಜು" ಎಂದರು. ಮಂಜುಳಾ ಎಂಬ ನನ್ನ ಹೆಸರು ಅಷ್ಟರಲ್ಲಿ ಅವರ ಬಾಯಲ್ಲಿ ಮಂಜು ಆಗಿತ್ತು. "ನಾಯಿ ಜೊತೆ ನಾಯಿ ಕಾದಾಡ್ಲಿ ಅಂತಲೇ ಇವನ ಅಜ್ಜ ಮುತ್ತಜ್ಜಂದಿರನ್ನ ಬೆಳೆಸಿದ್ದು. ಅದು ರಕ್ತದಲ್ಲಿ ಇದೆ, ಇಲ್ಲ ಅನ್ನೋಕಾಗಲ್ಲ. ಮನುಷ್ಯರ ಮೇಲೆ ಇವನಿಗೆ ಪ್ರಾಣ, ಅದೂ ನಿಜ. ಎರಡೂ ನೆನಪಿಟ್ಕೊಂಡು ಹಗ್ಗ ಗಟ್ಟಿಯಾಗಿ ಹಿಡ್ಕೋಬೇಕು. ಒಂದನ್ನ ಮರೆತ್ರೂ ಕಷ್ಟ."

ಮಳೆ ಕಡಿಮೆಯಾಗುತ್ತ ಬಂದ ಹಾಗೆ ಅವರೂ ಕರಗುತ್ತ ಬಂದರು. ಮೊಣಕೈಯ ನರಗಳು ಔಷಧಿಯ ಹೊಡೆತಕ್ಕೆ ಹಗ್ಗದಂತೆ ಗಡುಸಾಗಿ, ಕೊನೆಗೆ ನಾನು ಅಂಗೈ ಹಿಂಬದಿಯಲ್ಲಿ, ಮಣಿಕಟ್ಟಿನಲ್ಲಿ ಹುಡುಕಬೇಕಾಯಿತು. ಎರಡನೇ ಸಲ ಚುಚ್ಚಬೇಕಾಗಿ ಬಂದರೆ ನನಗೇ ಅಳು ಬರುತ್ತಿತ್ತು. ಅವರು ಎಡಗೈಯನ್ನು ಬೆಲ್ಲನ ತಲೆಯ ಮೇಲಿಟ್ಟು, "ನಾವಿಬ್ರೂ ನೋಡಲ್ಲ, ನೀವು ಚುಚ್ಚಿ" ಎನ್ನುತ್ತಿದ್ದರು. ಆದರೆ ಅವನು ನೋಡುತ್ತಿದ್ದ. ಕೊನೆಯವರೆಗೂ ನನ್ನ ಕೈಯನ್ನೇ ನೋಡುತ್ತಿದ್ದ.

ವಿಜಯದಶಮಿಯ ಸಂಜೆ ಪ್ರಕಾಶ್ ಫೋನ್ ಮಾಡಿದರು. ಮೂಗಿನಿಂದ ರಕ್ತ ನಿಲ್ಲುತ್ತಿಲ್ಲ, ಕೂಡಲೇ ಪ್ಲೇಟ್‌ಲೆಟ್ ಎಷ್ಟಿದೆ ಎಂದು ಡಾಕ್ಟರ್ ಕೇಳುತ್ತಿದ್ದಾರೆ, ಆಸ್ಪತ್ರೆಗೆ ಹೋಗಲು ಅವಳು ಒಪ್ಪುತ್ತಿಲ್ಲ. ಜಂಬೂ ಸವಾರಿಯ ಜನ ಇನ್ನೂ ಕರಗಿರಲಿಲ್ಲ. ಅರ್ಧ ಊರಿನ ರಸ್ತೆ ಮುಚ್ಚಿತ್ತು. ಎಲ್ಲೆಲ್ಲೋ ಸುತ್ತಿ ನಾನು ಹೋಗಿ ತಲುಪುವ ಹೊತ್ತಿಗೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ಶುರುವಾಗಿ, ಸಿಡಿಮದ್ದಿನ ಸದ್ದು ಯಾದವಗಿರಿಯ ಕಿಟಕಿಗಳನ್ನೆಲ್ಲ ಅದುರಿಸುತ್ತಿತ್ತು. ಬೆಲ್ಲ ಎಲ್ಲಿ ಎಂದು ನೋಡಿದೆ. ಮಂಚದ ಕೆಳಗೆ ಗೋಡೆಗೆ ಅಂಟಿಕೊಂಡು ಗಡಗಡ ನಡುಗುತ್ತಿದ್ದ. ಉಚ್ಚೆ ಹೊಯ್ದುಕೊಂಡಿದ್ದ. ಇಡೀ ಬೀದಿಯನ್ನು ಹೆದರಿಸಿದ ಪ್ರಾಣಿ.

ವಸುಧಾ ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ಮಂಚದಿಂದ ಕೈ ಇಳಿಬಿಟ್ಟರು. ಕೆಳಗಿನಿಂದ ಅವನು ತೆವಳಿ ಬಂದು ಆ ಕೈಗೆ ಮೂತಿ ತಾಗಿಸಿದ. ಇನ್ನೊಂದು ಕೈಯಲ್ಲಿ ನಾನು ರಕ್ತ ತೆಗೆದೆ. ಒಂದೇ ಸಲಕ್ಕೆ ಸಿಕ್ಕಿತು. ಅದೇ ಕೊನೆ. ಆ ವಾರ ಕಳೆಯುವುದರೊಳಗೆ ಅವರು ತೀರಿಕೊಂಡರು.

ಹದಿಮೂರನೆಯ ದಿನದ ಊಟಕ್ಕೆ ನನ್ನನ್ನೂ ಕರೆದಿದ್ದರು. ಮನೆ ತುಂಬ ನೆಂಟರು. ಬೆಲ್ಲನನ್ನು ಹಿತ್ತಲಿನ ಒಗೆಯುವ ಕಲ್ಲಿಗೆ ಕಟ್ಟಿದ್ದರು. ನಾನು ಹತ್ತಿರ ಹೋದಾಗ ಎದ್ದು ನಿಂತು, ನನ್ನ ಬೆರಳುಗಳನ್ನು ಒಂದೊಂದಾಗಿ ಮೂಸಿದ. ನೆಕ್ಕಲಿಲ್ಲ. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂಬಂತೆ ಬಾಗಿಲನ್ನೇ ನೋಡಿದ.

ಪ್ರಕಾಶ್ ಪಕ್ಕದಲ್ಲಿ ಬಂದು ನಿಂತರು. "ಬೆಳಿಗ್ಗೆ ಎದ್ದರೆ ರೂಮಿನ ಬಾಗಿಲಲ್ಲೇ ಮಲಗಿರ್ತಾನೆ ಮಂಜುಳಾ. ಮಂಚ ತೆಗೆಸಿಬಿಟ್ಟೆ. ಆದ್ರೂ ಅಲ್ಲೇ. ನಾನು ಫ್ಯಾಕ್ಟರಿಗೆ ಹೋದ್ರೆ ಸಂಜೆ ತನಕ ಊಳಿಡ್ತಾನಂತೆ. ಪೊಲೀಸಿಗೆ ಹೇಳ್ತೀವಿ ಅಂತಾರೆ ಪಕ್ಕದವರು. ನನ್ನಿಂದ ಆಗ್ತಿಲ್ಲ."

ಚಳಿಗಾಲದಲ್ಲಿ ಅವನನ್ನು ಯಾರಿಗೋ ಕೊಟ್ಟರು ಎಂದು ತಿಳಿಯಿತು. ನಾನೇ ಫೋನ್ ಮಾಡಿ ಕೇಳಿದ್ದಕ್ಕೆ, "ಗೊತ್ತಿರೋರ ಮೂಲಕ ಕೊಟ್ಟೆ. ಅವರಿಗೆ ದೊಡ್ಡ ಜಾಗ ಇದೆಯಂತೆ, ಓಡಾಡ್ಕೊಂಡಿರ್ತಾನೆ" ಎಂದರು. ದನಿಯಲ್ಲಿ ನೆಮ್ಮದಿಯಿತ್ತು. ನನಗೂ ನೆಮ್ಮದಿಯಾಯಿತು. ಹೊಸ ಮನೆಗಳು, ಹೊಸ ತೋಳುಗಳು. ನಾನೂ ನನ್ನ ಪಾಡಿಗೆ ಇದ್ದುಬಿಟ್ಟೆ.

ಯುಗಾದಿ ಕಳೆದು ಬಿಸಿಲು ಏರಿದ್ದ ಕಾಲ. ಬನ್ನಿಮಂಟಪದ ಹಿಂದಿನ ಬೀದಿಯೊಂದರಲ್ಲಿ ಹಳೆಯ ಕಬ್ಬಿಣ, ತಾಮ್ರ ಕೊಂಡು ಮಾರುವ ಶಿವಣ್ಣ ಎಂಬವರ ತಾಯಿಗೆ ಸಕ್ಕರೆ ಪರೀಕ್ಷೆ ಮಾಡಬೇಕಿತ್ತು. ಮುಂದೆ ಗುಜರಿ ಅಂಗಳ, ಹಿಂದೆ ಮನೆ. ಮುದುಕಿಯ ರಕ್ತ ತೆಗೆದು, ಕೈಗೆ ಸ್ಯಾನಿಟೈಸರ್ ಉಜ್ಜಿಕೊಳ್ಳುತ್ತ ಹೊರಗೆ ಬಂದೆ. ಬರುವಾಗ ಗಮನಿಸದ ಒಂದು ಮೂಲೆ, ಹೋಗುವಾಗ ಕಣ್ಣಿಗೆ ಬಿತ್ತು. ಲಾರಿಯ ತುಕ್ಕು ಹಿಡಿದ ಕ್ಯಾಬಿನ್ನಿನ ನೆರಳಲ್ಲಿ, ಮಾರುದ್ದದ ಸರಪಳಿಯಲ್ಲಿ ಒಂದು ನಾಯಿ. ಪಕ್ಕೆಲುಬು ಎಣಿಸಬಹುದಿತ್ತು. ಒಂದು ಕಿವಿ ಇರಲಿಲ್ಲ.

"ಬೆಲ್ಲ" ಎಂದೆ.

ಅವನ ತಲೆ ಎದ್ದಿತು. ಬಾಲ ನೆಲದ ಮೇಲೆ ಒಂದು ಸಲ, ಆಮೇಲೆ ಇನ್ನೊಂದು ಸಲ ಅಲ್ಲಾಡಿತು. ನಾನು ಚೀಲ ಕೆಳಗಿಟ್ಟು ಅವನತ್ತ ಹೊರಟೆ.

ಶಿವಣ್ಣ ತೂಕದ ಯಂತ್ರದ ಹತ್ತಿರದಿಂದ ಕೂಗಿದರು. "ಮೇಡಮ್ಮೋರೆ, ಅತ್ಲಾಗೆ ಹೋಗ್ಬೇಡಿ! ಟೈಗರ್ ಯಾರ್ನೂ ಸೇರ್ಸಲ್ಲ, ಡೇಂಜರ್ ಅದು!"

"ನನಗೆ ಗೊತ್ತಿರೋ ನಾಯಿ ಇದು" ಎಂದೆ ತಿರುಗಿ ನೋಡದೆ. ಇವರಿಗೇನು ಗೊತ್ತು ಎನಿಸಿತ್ತು ನನಗೆ. ಅವನು ಸಿಡಿಮದ್ದಿಗೆ ಮಂಚದ ಕೆಳಗೆ ನಡುಗಿದ್ದನ್ನು ನಾನು ನೋಡಿದ್ದೆ.

ಹತ್ತಿರ ಕುಳಿತು ಬಲಗೈ ಚಾಚಿದೆ. ಬೆರಳುಗಳನ್ನು ಮೂಸಿದ. ಒಮ್ಮೆ ನೆಕ್ಕಿದ ಕೂಡ. ನಾಲಗೆಯ ಆ ಒರಟು ನನಗೆ ಈಗಲೂ ನೆನಪಿದೆ. ಆ ಬೆರಳುಗಳಿಗೆ ಗೊತ್ತಾದ ಕೊನೆಯ ಸ್ಪರ್ಶ ಅದು. ಕತ್ತಿನ ಸರಪಳಿ ಚರ್ಮದೊಳಗೆ ಹೂತಿತ್ತು. ಸುತ್ತ ಹಸಿ ಮಾಂಸ, ನೊಣ. ಅಯ್ಯೋ ಎಂದುಕೊಂಡು ಸರಪಳಿಯನ್ನು ಸಡಿಲಿಸಲು ಅದರಡಿಗೆ ಬೆರಳು ತೂರಿಸಿದೆ.

ಕಚ್ಚಿದ್ದು ನನಗೆ ಕಾಣಲಿಲ್ಲ. ಮುಂಗೈ ಅವನ ಬಾಯಲ್ಲಿತ್ತು, ಅಷ್ಟೆ. ಬೇರೆ ನಾಯಿ ಕಚ್ಚಿ ಬಿಡುತ್ತದೆ. ಇವನು ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡು, ಯಾವುದೋ ಕೆಲಸದಲ್ಲಿ ಮುಳುಗಿದವನಂತೆ ಹಿಡಿದೇ ಇದ್ದ. ತಲೆ ಒದರಿದಾಗ ನನ್ನ ಕೈಯೊಳಗೆ ಏನೋ ಹರಿದ ಸದ್ದು ಕೇಳಿಸಿತು. ಕೆಲಸದವರು ಕಬ್ಬಿಣದ ರಾಡು ಹಿಡಿದು ಓಡಿ ಬಂದರು. ಬೆನ್ನಿಗೆ, ಪಕ್ಕೆಗೆ, ಹೊಟ್ಟೆಗೆ ಹೊಡೆದರು. ಪ್ರತಿ ಏಟಿಗೂ ಅವನ ಹಲ್ಲು ಇನ್ನಷ್ಟು ಆಳಕ್ಕೆ ಇಳಿಯುತ್ತಿತ್ತು. "ಹೊಡೀಬೇಡ್ರೋ, ಹೊಡೆದ್ರೆ ಬಿಡಲ್ಲ ಕಣ್ರೋ!" ಎಂದು ಶಿವಣ್ಣ ಅವರನ್ನು ನೂಕಿ, ಸರಪಳಿಯನ್ನು ತಿರುಚಿ ಹಿಡಿದರು. ಉಸಿರು ಕಟ್ಟಿದ ಮೇಲೆ ಬೆಲ್ಲ ಬಾಯಿ ಬಿಟ್ಟ.

ಶಿವಣ್ಣ ಕೆಟ್ಟ ಮನುಷ್ಯ ಎಂದು ನಾನು ಹೇಳಲಾರೆ. ನನ್ನ ಕೈಗೆ ತಮ್ಮ ಟವೆಲ್ ಸುತ್ತಿ, ಗೂಡ್ಸ್ ಆಟೋದಲ್ಲಿ ತಾವೇ ಪಕ್ಕ ಕುಳಿತು ದೊಡ್ಡಾಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಅಳುತ್ತಿದ್ದರು. "ತಾಮ್ರ ಕದೀತಾ ಇದ್ರು ಕಣಮ್ಮ. ಈ ಜಾತಿ ನಾಯಿನ ಜನದ ಕೈಲಿ ಮುಟ್ಟುಸ್ಬಾರ್ದು, ಅರೆಹೊಟ್ಟೇಲಿ ಮಡಗ್ಬೇಕು, ಆಗ್ಲೇ ಖಡಕ್ ಆಗೋದು ಅಂದ್ರು. ಬಂದಾಗ ಕುರಿ ಮರಿ ಇದ್ದಂಗಿತ್ತು, ಕಳ್ಳನ್ನ ಕಂಡ್ರೂ ಬಾಲ ಅಲ್ಲಾಡ್ಸೋದು. ಅದಕ್ಕೇ ಅಂಗ್ ಮಾಡ್ಬುಟ್ಟೆ. ಕಳ್ರಿಗೆ ಅಂತ ಮಾಡಿದ್ದು ಕಣಮ್ಮ, ನಿಮಗಲ್ಲ."

ಗಾಯವನ್ನು ಸೋಪಿನಿಂದ ಬಹಳ ಹೊತ್ತು ತೊಳೆದರು. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಗಾಯದ ಒಳಗೇ ಕೊಟ್ಟರು. ಮಾರನೆಯ ದಿನ ಹರಿದ ಸ್ನಾಯು ಹೊಲಿದರು. ಸ್ಪರ್ಶದ ನರ ಸರಿಹೋಗುತ್ತದೋ ಇಲ್ಲವೋ ಹೇಳಲಾಗದು ಎಂದರು. ಡಾಕ್ಟರ್ ಮೊದಲ ದಿನವೇ ಇನ್ನೊಂದು ಮಾತು ಹೇಳಿದ್ದರು: "ನಾಯಿಗೆ ಕಳೆದ ಸಲದ ಲಸಿಕೆ ಹಾಕ್ಸಿಲ್ವಂತೆ. ಹತ್ತು ದಿನ ಅದು ಬದುಕಿದ್ರೆ ನಿಮಗೆ ರೇಬೀಸ್ ಭಯ ಇಲ್ಲ ಅಂತ ಅರ್ಥ. ಅಲ್ಲೀತನಕ ಯಾರೂ ಅದನ್ನ ಸಾಯಿಸದ ಹಾಗೆ ನೋಡ್ಕೊಳ್ಳಿ."

ಆದರೆ ಅಷ್ಟರಲ್ಲಿ ಯಾರೋ ತೆಗೆದಿದ್ದ ವಿಡಿಯೋ ಊರೆಲ್ಲ ಹರಿದಾಡಿ, ಗುಜರಿ ಅಂಗಡಿಯ ಮುಂದೆ ಜನ ಸೇರಿದ್ದರು. ನಾಯಿಯನ್ನು ಈಗಲೇ ಮುಗಿಸಿ ಎಂದು ಗಲಾಟೆ. ನಾನು ಹಾಸಿಗೆಯಲ್ಲಿ ಮಲಗಿಕೊಂಡೇ ಎಡಗೈಯಲ್ಲಿ ಪ್ರಕಾಶ್ ಅವರಿಗೆ ಫೋನ್ ಮಾಡಿದೆ. ಏನೂ ವಿವರಿಸಲು ಆಗಲಿಲ್ಲ. "ಸರ್, ಬೆಲ್ಲ" ಎಂದಷ್ಟೇ ಹೇಳಿ ವಿಳಾಸ ಕೊಟ್ಟೆ.

ಸಂಜೆ ಅವರು ಆಸ್ಪತ್ರೆಗೆ ಬಂದರು. ಅಂಗಿಯ ಮೇಲೆಲ್ಲ ತುಕ್ಕು, ರಕ್ತ. ಪಶುವೈದ್ಯರೊಬ್ಬರನ್ನೂ ಇಬ್ಬರು ಪೊಲೀಸರನ್ನೂ ಕರೆದುಕೊಂಡು ಹೋಗಿ, ಬಾಯಿಗೆ ಕುಕ್ಕೆ ಹಾಕಿಸಿ, ನಾಯಿಯನ್ನು ಯಾದವಗಿರಿಗೆ ಒಯ್ದಿದ್ದರು. ನನ್ನ ಕೈಯ ಕಟ್ಟನ್ನು ನೋಡಿ ಗೋಡೆಗೆ ಒರಗಿ ನಿಂತರು.

"ಬಾಯಿಗೆ ಕುಕ್ಕೆ ಹಾಕ್ವಾಗ ಸುಮ್ನೆ ನಿಂತಿದ್ದ ಮಂಜುಳಾ. ನನ್ನ ಕಾಲಿಗೆ ತಲೆ ಒತ್ತಿಕೊಂಡು ನಿಂತಿದ್ದ."

ಅವ್ವ ಮೂಲೆಯಲ್ಲಿ ಕುಳಿತಿದ್ದಳು. "ನನ್ ಮಗಳ ಕೈ ಓಯ್ತಲ್ಲಪ್ಪ, ಅದರ ಮಾತಾಡು" ಎಂದಳು. ಪ್ರಕಾಶ್ ತಲೆ ತಗ್ಗಿಸಿದರು. ಅವ್ವ ಹೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ.

ಅಂದಿನಿಂದ ದಿನವೂ ಸಂಜೆ ಅವರ ಫೋನ್ ಬರುತ್ತಿತ್ತು. ಹೆಚ್ಚು ಮಾತಿಲ್ಲ. "ಇದ್ದಾನೆ" ಎನ್ನುತ್ತಿದ್ದರು. "ಹೂಂ ಸರ್" ಎನ್ನುತ್ತಿದ್ದೆ. ಒಂದು ದಿನ ಮಾತ್ರ, ಹಾಲು ಕುಡಿದ, ಆದರೆ ಉಚ್ಚೆಯಲ್ಲಿ ರಕ್ತ ಹೋಗುತ್ತಿದೆ, ಎರಡು ಪಕ್ಕೆ ಮುರಿದಿದೆ ಎಂದರು. ನನಗೆ ಅವನು ಬದುಕಿರಬೇಕಿತ್ತು. ಕರುಣೆಯಿಂದ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ರೇಬೀಸ್ ಬಂದು ಒಂದು ಗುಟುಕು ನೀರೂ ನುಂಗಲಾಗದವರನ್ನು ನಾನು ಆಸ್ಪತ್ರೆಯ ತರಬೇತಿಯಲ್ಲಿ ಒಮ್ಮೆ ನೋಡಿದ್ದೆ. ಎಲ್ಲ ಚುಚ್ಚುಮದ್ದೂ ಸರಿಯಾಗಿ ಆಗಿದೆ, ಹೆದರಬೇಡ ಎಂದು ಬುದ್ಧಿ ಹೇಳುತ್ತಿತ್ತು. ಆದರೂ ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ನೀರು ಕುಡಿದು, ಗಂಟಲಲ್ಲಿ ಇಳಿಯುತ್ತದೆಯೇ ಎಂದು ನೋಡುತ್ತಿದ್ದೆ.

ಎಂಟನೆಯ ಸಂಜೆ ಫೋನ್ ಬರಲಿಲ್ಲ. ಪ್ರಕಾಶ್ ಅವರೇ ನಮ್ಮ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕುಳಿತರು.

"ಮಧ್ಯಾಹ್ನ ಹೋದ. ಅವಳ ರೂಮಿನ ಬಾಗಿಲಲ್ಲೇ ಮಲಗಿದ್ದ. ಏಟಿನಿಂದ್ಲೇ ಹೋಗಿರೋದು ಅಂತಾರೆ ಡಾಕ್ಟ್ರು. ಆದ್ರೆ ಹತ್ತು ದಿನ ಆಗಲಿಲ್ಲವಲ್ಲ. ಖಚಿತ ಆಗ್ಬೇಕು ಅಂದ್ರೆ..." ನನ್ನ ಕೈಯ ಕಟ್ಟಿನತ್ತ ನೋಡಿದರು. "ಮೆದುಳು ನೋಡ್ಬೇಕಂತೆ. ತಲೆ ತೆಗೆದು ಬೆಂಗಳೂರಿಗೆ ಕಳಿಸ್ಬೇಕಂತೆ."

ಒಳಗೆ ಪಾತ್ರೆ ತೊಳೆಯುತ್ತಿದ್ದ ಅವ್ವನ ಕೈ ನಿಂತಿತು.

"ಕಳಿಸ್ಲೇಬೇಕಾ ಮಂಜುಳಾ?" ಎಂದು ಕೇಳಿದರು. "ನಿಮಗೆ ಎಲ್ಲಾ ಇಂಜೆಕ್ಷನ್ ಆಗಿದೆಯಲ್ಲ. ಅವಳು ಆ ತಲೆ ಮೇಲೆ ಕೈ ಇಟ್ಕೊಂಡೇ..."

ನಾನು ಬೇಡ ಎನ್ನಬಹುದಿತ್ತು. ವಸುಧಾ ಅವರ ಇಳಿಬಿಟ್ಟ ಕೈ ನನ್ನ ಕಣ್ಣಮುಂದೆಯೂ ಇತ್ತು. ಆದರೆ ಬೆಳಗಿನ ಆ ನೀರಿನ ಲೋಟವೂ ಇತ್ತು. "ಕಳಿಸಿ ಸರ್" ಎಂದೆ. ಅವರು ತಲೆಯಾಡಿಸಿ ಎದ್ದರು. ಚಪ್ಪಲಿ ಹುಡುಕಿಕೊಳ್ಳಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಅವರು ಹೋದ ಮೇಲೆ ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಒಂದು ವಾರದಿಂದ ಆ ನಾಯಿಗೆ ಶಾಪ ಹಾಕುತ್ತಿದ್ದವಳು. "ಕಡಿದಿದ್ದು ತಪ್ಪೇ ಕಣವ್ವ. ಆದ್ರೂ ಸತ್ ಮ್ಯಾಕೆ ಕುಯ್ಯೋದು ಅಂದ್ರೆ ಎಂಗೋ ಆಯ್ತದೆ" ಎಂದಳು. ಆಮೇಲೆ ನನ್ನ ಪಕ್ಕ ಕುಳಿತು, "ನೀನ್ ಯೋಳಿದ್ದು ಸರಿ. ನಂಗೆ ನೀನಿರ್ಬೇಕು" ಎಂದಳು.

ಉಳಿದ ದೇಹವನ್ನು ಪ್ರಕಾಶ್ ಹಿತ್ತಲಿನಲ್ಲಿ ಹೂಳಿದರಂತೆ. ಪಶುವೈದ್ಯರೂ ಜೊತೆಗಿದ್ದರು. ಆಮೇಲೆ ಆ ವೈದ್ಯರು ನನ್ನನ್ನು ನೋಡಲು ಬಂದಾಗ ಕೇಳಿದೆ, ಈ ತಳಿಯೇ ಹೀಗಾ ಸರ್ ಎಂದು. "ಬೇರೆ ನಾಯಿಗಿಂತ ಇದಕ್ಕೆ ಮನುಷ್ಯರ ಮೇಲೆ ಸಿಟ್ಟು ಜಾಸ್ತಿ ಅಂತ ನಾನು ಹೇಳಲ್ಲಮ್ಮ. ನಾನು ನೋಡಿರೋ ಎಷ್ಟೋ ಪಿಟ್‌ಬುಲ್‌ಗಳು ಹಸುಗೂಸಿನ ಥರ. ಆದ್ರೆ ಕಚ್ಚಿದ್ರೆ ಕಚ್ಚಿದ್ದೇ. ಅಂಥ ದವಡೆ ಇರೋದನ್ನ ಕಟ್ಟಿಹಾಕಿ ಹಸಿವಲ್ಲಿ ಬೆಳೆಸಿದ್ರೆ ಯಾರೋ ಒಬ್ರು ಅನುಭವಿಸ್ಬೇಕು. ಈ ಸಲ ನೀವು" ಎಂದರು.

ನನ್ನನ್ನು ಅವನು ಯಾಕೆ ಕಚ್ಚಿದ ಎಂದು ಆ ದಿನಗಳಲ್ಲಿ ಬಹಳ ಯೋಚಿಸಿದೆ. ಹಸಿ ಗಾಯಕ್ಕೆ ನನ್ನ ಕೈಯ ಸ್ಯಾನಿಟೈಸರ್ ತಾಗಿ ಬೆಂಕಿಯಂತೆ ಉರಿದಿರಬಹುದು. ಇಲ್ಲವೇ, ಆ ವಾಸನೆಯಿಂದಲೇ ನನ್ನ ಗುರುತು ಹಿಡಿದಿರಬಹುದು. ವಾರ ವಾರವೂ ಬಂದು ತನ್ನವಳ ತೋಳಿಗೆ ಸೂಜಿ ಚುಚ್ಚಿದವಳು, ಚುಚ್ಚಿ ಚುಚ್ಚಿ ಅವಳನ್ನು ಇಲ್ಲವಾಗಿಸಿದವಳು ಎಂದು. ಮರೆತು ಕಚ್ಚಿದನೋ, ನೆನಪಾಗಿ ಕಚ್ಚಿದನೋ. ಹುಚ್ಚು ಹಿಡಿದಿತ್ತು ಎಂದಾಗಿಬಿಟ್ಟರೆ ಈ ಪ್ರಶ್ನೆಯೇ ಇರುವುದಿಲ್ಲ ಎಂದು, ನನ್ನ ಜೀವದ ಭಯದ ನಡುವೆಯೂ ಒಮ್ಮೊಮ್ಮೆ ಅನಿಸುತ್ತಿತ್ತು.

ಬೆಂಗಳೂರಿನ ವರದಿ ಬಂದ ದಿನ ಸಣ್ಣಗೆ ಮೊದಲ ಮಳೆ ಹನಿಯುತ್ತಿತ್ತು. ಪಶುವೈದ್ಯರು ಮೊದಲು ನನಗೇ ತಿಳಿಸಿದರು. ಅವ್ವ ದೇವರ ಮುಂದೆ ದೀಪ ಹಚ್ಚಲು ಓಡಿದಳು. ನಾನು ಯಾದವಗಿರಿಗೆ ಫೋನ್ ಮಾಡಿದೆ.

"ಸರ್, ವರದಿ ಬಂತು. ರೇಬೀಸ್ ಇಲ್ಲ."

"ಸದ್ಯ" ಎಂದರು ಪ್ರಕಾಶ್. ಉದ್ದವಾಗಿ ಉಸಿರು ಬಿಟ್ಟದ್ದು ಕೇಳಿಸಿತು. "ಸದ್ಯ ಮಂಜುಳಾ. ನಿಮಗಿನ್ನು ಭಯ ಇಲ್ವಲ್ಲ."

"ಇಲ್ಲ ಸರ್."

"ಅಂದ್ರೆ ಅವನಿಗೆ ಹುಚ್ಚು ಹಿಡಿದಿರಲಿಲ್ಲ."

"ಇಲ್ಲ ಸರ್. ತಲೆ ಸರಿಯಾಗೇ ಇತ್ತು."

ಆ ಕಡೆ ಬಾಗಿಲೊಂದು ಮುಚ್ಚಿದ ಸದ್ದಾಯಿತು. ಆಗ ಅವರು ತೀರಾ ಮೆಲ್ಲಗೆ ಹೇಳಿದರು.

"ಹಾಗಾದ್ರೆ ತನಗೆ ಆಗಿದ್ದೆಲ್ಲ ಅವನಿಗೆ ಗೊತ್ತಾಗ್ತಿತ್ತು."